ಇವರನ್ನು ಬಿಟ್ಟುಕೊಡಲಾಗದು

ಗ್ರಾಂಟ್ ರೋಡಿನ ನಮ್ಮ ಹೋಟೆಲಿನಲ್ಲಿ ಅಪ್ಪನ ಕಾಲದಿಂದಲೂ ಒಂದು ಅನ್ಯಾಯ ನಡೆದುಕೊಂಡು ಬಂದಿದೆ. ದೋಸೆ ಚೆನ್ನಾಗಿ ಹೊಯ್ಯುವವನನ್ನು ಕಾವಲಿಯ ಮುಂದಿನಿಂದ ಏಳಿಸುವುದಿಲ್ಲ. ಅಡುಗೆಮನೆಯಲ್ಲಿ ಯಾವುದಕ್ಕೂ ಬಾರದವನು ಹೇಗೋ ಗಲ್ಲಾದ ಕಡೆ ಸರಿದು, ಒಂದು ದಿನ ಮ್ಯಾನೇಜರ್ ಆಗಿಬಿಡುತ್ತಾನೆ. ದೋಸೆಯವನು ಮಾತ್ರ ಆಯುಷ್ಯವಿಡೀ ಹೊಗೆ ಕುಡಿದು ಊರಿಗೆ ಹೋಗುತ್ತಾನೆ. ಕೇಳಿದರೆ ಅಪ್ಪ, "ಅವನಿಲ್ಲದೆ ಒಂದು ದಿನ ನಡೀಲಿಕ್ಕುಂಟಾ?" ಎನ್ನುತ್ತಿದ್ದರು. ಅದು ದೊಡ್ಡ ಹೊಗಳಿಕೆ ಎಂದೇ ಅವರ ನಂಬಿಕೆ. ಕಾಲೇಜಿನಲ್ಲಿದ್ದಾಗ ನಾನು ಇದಕ್ಕಾಗಿ ಅಪ್ಪನ ಜೊತೆ ಜಗಳವಾಡಿದ್ದೇನೆ. ಆಮೇಲೆ ನೌಕಾಪಡೆ ಸೇರಿದೆ, ಭುಜದ ಮೇಲೆ ಪಟ್ಟಿಗಳು ಹೆಚ್ಚಿದವು, ಮತ್ತು ನಾನೂ ಅದನ್ನೇ ಮಾಡಿದೆ.

ನಿವೃತ್ತಿಗೆ ಕೆಲವು ವರ್ಷ ಮೊದಲು, ಇಲ್ಲೇ ಮುಂಬಯಿಯಲ್ಲಿ, ಹಳೆಯ ಹಡಗೊಂದರ ದೊಡ್ಡ ರಿಪೇರಿಯನ್ನು ನನಗೆ ವಹಿಸಿದ್ದರು. ನನ್ನ ಕೈಕೆಳಗೆ ಬಾಗಲಕೋಟೆ ಕಡೆಯ ಒಬ್ಬ ಕ್ಯಾಪ್ಟನ್ ಇದ್ದರು. ನೌಕಾಪಡೆಯಲ್ಲಿ ಕ್ಯಾಪ್ಟನ್ ಎಂದರೆ ಸಣ್ಣ ಹುದ್ದೆಯಲ್ಲ. ಆದರೆ ಅದರ ಮುಂದಿನ ಮೆಟ್ಟಿಲು ಕಮೊಡೋರ್. ಅದಕ್ಕೆ ಆರಿಸಲು ದೆಹಲಿಯಲ್ಲಿ ಹಿರಿಯರ ಬೋರ್ಡ್ ಕೂರುತ್ತದೆ, ಬಹಳ ಜನರ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ. ಈ ಮನುಷ್ಯ ಹಡಗಿನ ಹೊಟ್ಟೆಯೊಳಗೆ ತೆವಳಿ ಹೋಗಿ ಯಾವ ಪೈಪು ಯಾವ ವಾರ ಸೋರುತ್ತದೆ ಎಂದು ಹೇಳಬಲ್ಲವರಾಗಿದ್ದರು. ಕೆಲಸಗಾರರು ನನ್ನ ಮಾತಿಗೆ ಸೆಲ್ಯೂಟ್ ಹೊಡೆಯುತ್ತಿದ್ದರು, ಅವರ ಮಾತಿಗೆ ಕೆಲಸ ಮಾಡುತ್ತಿದ್ದರು.

ಆ ವರ್ಷ ಹಿರಿಯ ಅಧಿಕಾರಿಗಳ ಕೋರ್ಸಿಗೆ ಅವರ ಹೆಸರು ಬಂತು. ಇದು ಹೆಚ್ಚುಕಡಿಮೆ ಒಂದು ವರ್ಷದ ಓದು. ಯುದ್ಧತಂತ್ರ, ವಿದೇಶಾಂಗ ನೀತಿ, ಅರ್ಥಶಾಸ್ತ್ರ, ಕೊನೆಗೊಂದು ಪ್ರಬಂಧ. ನಾನೂ ಮಾಡಿದ್ದೇನೆ; ಕಲಿತದ್ದರಲ್ಲಿ ಈಗ ಅರ್ಧವೂ ನೆನಪಿಲ್ಲ, ಅಲ್ಲಿಯ ಊಟ ಚೆನ್ನಾಗಿತ್ತು. ಈ ಕೋರ್ಸ್ ಮಾಡದಿದ್ದರೆ ಬಡ್ತಿ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಬೋರ್ಡಿನ ಮೇಜಿನ ಮೇಲೆ ಸರಿಸಮನಾದ ಎರಡು ಫೈಲು ಬಂದಾಗ, ಕೋರ್ಸ್ ಮಾಡಿದವನ ಫೈಲು ಮೇಲೆ ಕೂರುತ್ತದೆ. ಇದು ನಮಗೆಲ್ಲ ಗೊತ್ತಿದ್ದ ಸಂಗತಿ. ನನಗಂತೂ ಚೆನ್ನಾಗಿ ಗೊತ್ತಿತ್ತು.

ಇವರನ್ನು ಬಿಡುಗಡೆ ಮಾಡಬಹುದೇ ಎಂದು ಕೇಳಿ ಬಂದ ಪತ್ರಕ್ಕೆ ನಾನು ನಾಲ್ಕೇ ಸಾಲಿನ ಉತ್ತರ ಬರೆದೆ. ರಿಪೇರಿ ಮುಗಿಯುವವರೆಗೆ ಇವರನ್ನು ಬಿಟ್ಟುಕೊಡಲಾಗದು, ಇವರಿಲ್ಲದೆ ಇಲ್ಲಿ ಕೆಲಸ ನಡೆಯದು, ಮುಂದಿನ ವರ್ಷ ಪರಿಗಣಿಸಬೇಕು. ಬರೆದು ಸಹಿ ಹಾಕುವಾಗ ನನಗೆ ಸಂಕೋಚವಾಗಲಿಲ್ಲ. ಸತ್ಯ ಹೇಳುವುದಾದರೆ, ಒಬ್ಬ ಒಳ್ಳೆಯ ಅಧಿಕಾರಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದೆನೆಂದು ಖುಷಿಯೇ ಆಗಿತ್ತು. ಒಂದು ವಾರದ ಮೇಲೆ ಅವರನ್ನು ಕರೆದು, ಹೆಡ್‌ಕ್ವಾರ್ಟರಿನವರು ನಿಮ್ಮ ಹೆಸರನ್ನು ಮುಂದಿನ ವರ್ಷಕ್ಕೆ ಹಾಕಿದ್ದಾರೆ ಎಂದೆ. ಆ ಸುಳ್ಳು ಯಾಕೆ ಹೇಳಿದೆನೋ, ಇವತ್ತಿಗೂ ತಿಳಿಯದು. ಅವರು ಒಂದು ಗಳಿಗೆ ನನ್ನ ಮುಖ ನೋಡಿ, "ಆಗ್ಲಿ ಸರ್" ಎಂದು ಹೊರಟರು. ಮರುದಿನ ಬೆಳಿಗ್ಗೆ ಏಳಕ್ಕೆ ಎಂದಿನಂತೆ ಹಡಗಿನ ಹೊಟ್ಟೆಯಲ್ಲಿದ್ದರು.

ಮುಂದಿನ ವರ್ಷದ ಹೊತ್ತಿಗೆ ಕೋರ್ಸಿಗೆ ಹೋಗುವ ವಯಸ್ಸಿನ ಗೆರೆಯನ್ನು ಅವರು ದಾಟಿದ್ದರು. ನಾನು ಅದನ್ನು ನೋಡಿರಲೇ ಇಲ್ಲ. ಹಡಗು ಹೇಳಿದ ದಿನಕ್ಕೆ ನೀರಿಗಿಳಿಯಿತು, ಅದರ ಹೆಸರಿನಲ್ಲಿ ನನಗೆ ಮುಂದಿನ ಮೆಟ್ಟಿಲು ಸಿಕ್ಕಿತು. ಅಭಿನಂದಿಸಲು ಅವರು ಅಮೀನಗಡದ ಕರದಂಟು ತಂದಿದ್ದರು. ಆ ಡಬ್ಬಿಯನ್ನು ಹೆಂಡತಿ ಬಹಳ ದಿನ ಇಟ್ಟುಕೊಂಡಿದ್ದಳು, ನಾನು ಮಾತ್ರ ಅದರಲ್ಲಿ ಒಂದು ತುಂಡೂ ತಿನ್ನಲಿಲ್ಲ.

ಅವರ ಬೋರ್ಡ್ ಕೂತಿತು, ಅವರ ಹೆಸರು ಬರಲಿಲ್ಲ. ಆಮೇಲೆ ನಾನು ಓಡಾಡಿದ ಓಡಾಟ ನೆನೆದರೆ ನಾಚಿಕೆಯಾಗುತ್ತದೆ. ಹಳೆಯ ಸಹಪಾಠಿಗಳಿಗೆಲ್ಲ ಫೋನು ಮಾಡಿದೆ, ಎರಡು ಪತ್ರ ಬರೆದೆ. ದೆಹಲಿಯಲ್ಲಿದ್ದ ಒಬ್ಬ ಗೆಳೆಯ ಕೊನೆಗೆ ಬೇಸತ್ತು ಹೇಳಿದ: ಅವರ ಫೈಲಿನ ತುಂಬ ಬರೀ ರಿಪೇರಿಯೇ ಇದೆ, ಅದಕ್ಕಿಂತ ದೊಡ್ಡ ಜವಾಬ್ದಾರಿಗೆ ತಯಾರಾದ ಗುರುತು ಎಲ್ಲೂ ಇಲ್ಲ. ಆ ಗುರುತು ಹಾಕಿಸಿಕೊಳ್ಳಲು ಅವರು ಹೊರಟಾಗ ಬಾಗಿಲು ಹಾಕಿದವನು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದ್ದರೂ ಪ್ರಯೋಜನವಿರಲಿಲ್ಲ. ಒಮ್ಮೆ ಮುಗಿದ ಬೋರ್ಡು ಮುಗಿದಂತೆ. ನಾನು ಕೈಚೆಲ್ಲಿ ಕೂತೆ, ಅವರು ಕ್ಯಾಪ್ಟನ್ ಆಗಿಯೇ ನಿವೃತ್ತರಾದರು.

ಈಗ ಅವರು ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಆಡಳಿತದ ಕೆಲಸದಲ್ಲಿದ್ದಾರೆ. ಹೋದ ತಿಂಗಳು ಫೋನು ಮಾಡಿ, ಒಂದು ಕಾಗದಕ್ಕೆ ನಿಮ್ಮ ಸಹಿ ಬೇಕಿತ್ತು ಎಂದರು. ದಹಿಸರಿನ ನಮ್ಮ ಮನೆಗೆ ಬರುತ್ತೇನೆಂದವರನ್ನು, ಅಷ್ಟು ದೂರ ಯಾಕೆ ಎಂದು ಗ್ರಾಂಟ್ ರೋಡಿಗೇ ಕರೆದೆ. ಹೋಟೆಲನ್ನು ಈಗ ಅಣ್ಣ ನೋಡಿಕೊಳ್ಳುತ್ತಾನೆ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ನಾವಿಬ್ಬರೂ ಫ್ಯಾಮಿಲಿ ರೂಮಿನಲ್ಲಿ ಕೂತೆವು. ಕಂಪನಿಯವರು ಕೆಲವರನ್ನು ಆರಿಸಿ ಆರು ತಿಂಗಳ ಮ್ಯಾನೇಜ್‌ಮೆಂಟ್ ತರಬೇತಿಗೆ ಕಳಿಸುತ್ತಾರಂತೆ. ಮುಗಿಸಿ ಬಂದವರಿಗೇ ಮೇಲಿನ ಹುದ್ದೆ. ಹಿಂದಿನ ಮೇಲಧಿಕಾರಿಯ ಶಿಫಾರಸು ಬೇಕು.

ನನಗೆ ಕಳೆದುಹೋದದ್ದು ಕೈಗೆ ಸಿಕ್ಕಷ್ಟು ಸಂತೋಷವಾಯಿತು. ಪೆನ್ನು ತೆಗೆದು, ಭರ್ಜರಿಯಾಗಿ ಬರೆಯುತ್ತೇನೆ ನೋಡಿ ಎಂದೆ.

"ಬರೀರಿ ಸರ್," ಎಂದರು. "ಆದ್ರ ನಾ ಇಲ್ದ ಕೆಲಸ ನಡಿಯೂದಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ."

ಪೆನ್ನು ಅಲ್ಲೇ ನಿಂತಿತು. ಯಾವಾಗಿನಿಂದ ಗೊತ್ತು ಎಂದು ಕೇಳಿದೆ.

"ಆಫೀಸಿನಿಂದ ಹೊರಗ ಹೋಗೂ ಕಾಗದ ಎಲ್ಲಾ ನನ್ನ ಟೇಬಲ್ ಮ್ಯಾಲಿಂದನ ಹೋಗ್ತಿದ್ವಲ್ರೀ. ಅವತ್ತು ಅದನ್ನ ಓದಿ ಕಳಿಸಿದಾಂವ ನಾನ."

ಅಂದರೆ ನಾನು ಸುಳ್ಳು ಹೇಳಿದ ದಿನ, ಅವರು ನನ್ನ ಮುಖ ನೋಡಿದ್ದು ಅದಕ್ಕೆ. ಪತ್ರ ಕಳಿಸುವ ಮೊದಲೇ ಬಂದು ಜಗಳವಾಡಬಹುದಿತ್ತಲ್ಲ, ನಾನು ಅದನ್ನು ಹರಿದು ಹಾಕುತ್ತಿದ್ದೆ ಎಂದೆ. ನಿಜಕ್ಕೂ ಹರಿಯುತ್ತಿದ್ದೆನೇ? ಗೊತ್ತಿಲ್ಲ. ನಿಮ್ಮ ಸಹಿ ಆಗಿತ್ತು, ಹಡಗಿನ ಕೆಲಸವೂ ಬಾಕಿ ಇತ್ತು ಎಂದಷ್ಟೇ ಹೇಳಿ ಅವರು ಚಹಾದ ಲೋಟ ಎತ್ತಿಕೊಂಡರು. ಕ್ಷಮೆ ಕೇಳುವ ಬದಲು ನಾನು ಕಾಗದವನ್ನು ಹತ್ತಿರ ಎಳೆದುಕೊಂಡೆ.

ಶಿಫಾರಸು ಬರೆದೆ. ಇವರನ್ನು ಕಳಿಸಿ, ತಡಮಾಡಬೇಡಿ ಎಂದು ಬರೆದೆ. ಸಹಿ ಹಾಕಿ ಪುಟ ತಿರುಗಿಸಿದರೆ, ಹಿಂದೆ ಇನ್ನೊಂದು ಸಹಿಗೆ ಜಾಗ ಬಿಟ್ಟಿತ್ತು: ಆರು ತಿಂಗಳು ಇವರನ್ನು ಬಿಟ್ಟುಕೊಡಲು ಈಗಿನ ಮೇಲಧಿಕಾರಿಯ ಒಪ್ಪಿಗೆ. ಅದು ಖಾಲಿ ಇತ್ತು. ಆ ಮೇಲಧಿಕಾರಿ ಏನಂದರು ಎಂದು ಕೇಳಿದೆ.

ಕ್ಯಾಪ್ಟನ್ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡರು.

"ಇನ್ನಾ ಏನೂ ಅಂದಿಲ್ರೀ. ಅವರೂ ನಿಮ್ಮಂಗ ಭಾಳ ಒಳ್ಳೇವ್ರು ಅದಾರ್ರೀ ಸರ್."