ಇನ್ನೇನು ಬಂತು ನನ್ನ ಲ್ಯಾಪ್‌ಟಾಪು

ನನಗೊಂದು ಚಟವಿದೆ. ಹೇಳಿಕೊಳ್ಳಲು ಸ್ವಲ್ಪ ಸಂಕೋಚ. ಎಲೆ ಅಡಿಕೆಯಲ್ಲ, ತಂಬಾಕಲ್ಲ, ಇಸ್ಪೀಟಂತೂ ಅಲ್ಲ. ಅವಾಗಿದ್ದರೆ ನಾಲ್ಕು ಜನ ಜೊತೆಗಾರರಾದರೂ ಸಿಗುತ್ತಿದ್ದರು. ನಾನು ಇನ್ನೂ ಹುಟ್ಟದ ಲ್ಯಾಪ್‌ಟಾಪುಗಳ ಸುದ್ದಿ ಓದುತ್ತೇನೆ. ಅಂಗಡಿಯಲ್ಲಿ ಗಾಜಿನ ಹಿಂದೆ ಕೂತಿರುವ ಲ್ಯಾಪ್‌ಟಾಪುಗಳ ಮೇಲೆ ನನಗೆ ಅಂಥ ಮೋಹವಿಲ್ಲ. ಮುಂದಿನ ವರ್ಷ ಬರಲಿದೆಯಂತೆ, ಅದರ ನಕ್ಷೆ ಈಗಲೇ ಸೋರಿದೆಯಂತೆ, ಅದರ ಅಂಚು ಹೀಗಂತೆ, ಬಣ್ಣ ಹಾಗಂತೆ ಎಂದು ಯಾರಾದರೂ ಬರೆದರೆ ಸಾಕು, ಕೈಯಲ್ಲಿದ್ದ ಚಹಾ ಆರುವ ತನಕ ಓದುತ್ತೇನೆ.

ಇದಕ್ಕೆಲ್ಲ ನಾನು ಆರಿಸಿಕೊಂಡ ಜಾಗ ಲಕ್ಷ್ಮೇಶ್ವರದಿಂದ ಗದಗಿಗೆ ಹೋಗುವ ಬೆಳಗಿನ ಬಸ್ಸು. ಗದಗಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ, ಮನೆ ಲಕ್ಷ್ಮೇಶ್ವರದಲ್ಲಿ. ಕಿಟಕಿಯ ಹೊರಗೆ ಹತ್ತಿ, ಉಳ್ಳಾಗಡ್ಡಿ, ಮತ್ತೆ ಹತ್ತಿ ಓಡುತ್ತಿದ್ದರೆ ನಾನು ಮೊಬೈಲಿನಲ್ಲಿ ಒಂದು ಮಸುಕು ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ ನೋಡುತ್ತಿರುತ್ತೇನೆ. ಸೋರಿದ ಚಿತ್ರ ಯಾವತ್ತೂ ಮಸುಕಾಗಿಯೇ ಇರಬೇಕು. ಸ್ಪಷ್ಟವಾಗಿದ್ದರೆ ಅದು ಜಾಹೀರಾತು, ನಂಬಬಾರದು. ಒಮ್ಮೆ ಶಿರಹಟ್ಟಿಯಲ್ಲಿ ಹತ್ತಿದ ಕಾಳಿನ ವ್ಯಾಪಾರಿಯೊಬ್ಬರು ಪಕ್ಕದಲ್ಲಿ ಕೂತು ನನ್ನ ಮೊಬೈಲನ್ನು ಬಹಳ ಹೊತ್ತು ಕನಿಕರದಿಂದ ನೋಡಿದರು.

“ಸರ, ಎಕ್ಸ್‌ರೇ ಏನ್ರಿ? ಯಾರಿಗೆ ಏನಾಗೇತ್ರಿ?”

ಹಾಗಲ್ಲ, ಇದು ಬರಲಿರುವ ಲ್ಯಾಪ್‌ಟಾಪಿನ ಒಳಭಾಗ ಎಂದು ವಿವರಿಸಿದೆ. ಕಾರ್ಖಾನೆಯ ಯಾರೋ ಕದ್ದು ತೆಗೆದ ಚಿತ್ರ, ಇದರ ಬಿಜಾಗರಿ ಪೂರ್ತಿ ಒಂದು ಸುತ್ತು ತಿರುಗುತ್ತದಂತೆ, ಎಂದೆಲ್ಲ ಹೇಳಿದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಇರುವ ಬಿಜಾಗರಿಯೇ ಲ್ಯಾಪ್‌ಟಾಪಿನ ಮುಚ್ಚಳಕ್ಕೂ ಇರುವುದು. ಅವರು ಗಂಭೀರವಾಗಿ ಕೇಳಿಸಿಕೊಂಡರು.

“ಅಂದ್ರ ಇನ್ನೂ ಬಂದಿಲ್ಲ?”

“ಇಲ್ಲ.”

“ಬಂದ ಮ್ಯಾಲೆ ನೋಡಿದ್ರ ನಡ್ಯಂಗಿಲ್ಲೇನ್ರಿ?”

ಇಂಥ ಪ್ರಶ್ನೆ ಕೇಳುವವರಿಗೆ ಉತ್ತರ ಹೇಳಿ ಪ್ರಯೋಜನವಿಲ್ಲ. ನಾನು ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದೆ.

ನನ್ನ ವೃತ್ತಿಯ ಕಣ್ಣಿನಿಂದ ನೋಡಿದರೆ ಈ ಸುದ್ದಿಗಳ ವ್ಯಾಕರಣ ಬಲು ಸೊಗಸು. ಕನ್ನಡದಲ್ಲಿ ಊಹೆಗೆಂದೇ ಒಂದು ಕ್ರಿಯಾರೂಪವಿದೆ, ಸಂಭಾವನಾರ್ಥಕ ಎನ್ನುತ್ತಾರೆ. ಬಂದಾನು, ಇದ್ದೀತು, ಆದೀತು. ಬರಬಹುದು, ಬಾರದೆಯೂ ಇರಬಹುದು, ನನ್ನನ್ನು ಆಮೇಲೆ ಹಿಡಿದು ಕೇಳಬೇಡಿ ಎಂಬ ವಿನಯವೆಲ್ಲ ಆ ಒಂದು ಪ್ರತ್ಯಯದಲ್ಲಿದೆ. ಸೋರಿಕೆಯ ಪಂಡಿತರು ಅದನ್ನು ಮುಟ್ಟುವುದೇ ಇಲ್ಲ. ತಲೆಬರಹದಲ್ಲಿ ‘ಬಿಜಾಗರಿಯೇ ಇಲ್ಲದ ಲ್ಯಾಪ್‌ಟಾಪ್ ಬಂತು’ ಎಂದು ಡಂಗುರ ಸಾರಿ, ಮೂರನೆಯ ಸಾಲಿನಲ್ಲಿ ಮೆಲ್ಲಗೆ ‘ಎನ್ನಲಾಗಿದೆ’ ಎಂದು ಸೇರಿಸುತ್ತಾರೆ. ಯಾರು ಅಂದರು ಎಂದು ಕೇಳುವಂತಿಲ್ಲ. ಕರ್ಮಣಿ ಪ್ರಯೋಗದಲ್ಲಿ ಕರ್ತೃ ಊರಲ್ಲೇ ಇರುವುದಿಲ್ಲ.

ಅವರನ್ನು ಆಡಿಕೊಳ್ಳುವ ಅಧಿಕಾರ ನಮ್ಮ ಸೀಮೆಯವರಿಗಂತೂ ಇಲ್ಲ. ಆಗಲಿರುವುದನ್ನು ಆಗಿಹೋಯಿತು ಎನ್ನುವುದು ನಮ್ಮ ಹಳೆಯ ರೂಢಿ. ಗದಗಿನ ಬಸ್‌ ನಿಲ್ದಾಣದಲ್ಲಿ ಮುಂಡರಗಿ ಬಸ್ಸು ಯಾವಾಗ ಎಂದು ಕೇಳಿ ನೋಡಿ. “ಬಂತ್ರಿ” ಎನ್ನುತ್ತಾರೆ. ಬೇರೆ ಕಡೆಯಿಂದ ಬಂದವರು ಚೀಲ ಹೆಗಲಿಗೇರಿಸಿ, ಎದ್ದು ನಿಂತು, ನಾಲ್ಕೂ ದಿಕ್ಕಿಗೆ ಬಸ್ಸು ಹುಡುಕುತ್ತಾರೆ. ನಾವು ಮಾತ್ರ ‘ಬಂತ್ರಿ’ ಎಂದರೆ ಕೂತು ಶೇಂಗಾ ಬಿಡಿಸಿ ತಿನ್ನುವಷ್ಟು ಹೊತ್ತಿದೆ ಎಂದು ತಿಳಿಯುತ್ತೇವೆ. ಗದಗು ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಗುವ ಮೊದಲು, ವರ್ಷಗಟ್ಟಲೆ, ಚಹಾದಂಗಡಿಯಲ್ಲಿ “ಜಿಲ್ಲಾ ಆತ್ರಿ” ಎನ್ನುತ್ತಿದ್ದರು. ಒಂದು ದಿನ ಅದು ನಿಜವಾಗಿಯೂ ಆದಾಗ ನಮಗೆ ಹೇಳಲು ಹೊಸ ಮಾತೇ ಉಳಿದಿರಲಿಲ್ಲ.

ಈ ಭೂತಕಾಲದ ಪ್ರಯೋಗದಲ್ಲಿ ಎಲ್ಲರಿಗಿಂತ ಪಳಗಿದವರು ನಮ್ಮ ಬಾಜೂ ಮನೆಯ ಟೇಲರ್ ಹುಸೇನಸಾಬರು. ಹೊಲಿಯಲು ಕೊಟ್ಟ ಅಂಗಿಯನ್ನು ಕೇಳಿದರೆ “ಆತ್ರಿ ಸರ, ಗುಂಡಿ ಹಚ್ಚೋದಷ್ಟ ಐತಿ” ಎನ್ನುತ್ತಾರೆ. ಬಟ್ಟೆಗೆ ಕತ್ತರಿಯೇ ತಾಗಿರುವುದಿಲ್ಲ. ಆದರೆ ಸೋರಿಕೆಯ ವಿಷಯದಲ್ಲಿ ಅವರಷ್ಟು ಬಿಗಿಯಾದ ಮನುಷ್ಯ ಇನ್ನೊಬ್ಬರಿಲ್ಲ. ಹೊಲಿದು ಮುಗಿಸಿದ ಪ್ರತಿ ಕುಪ್ಪಸವನ್ನೂ ಅವರು ಒಳಗಿನದು ಹೊರಗೆ ಮಾಡಿ ತೂಗುಹಾಕುತ್ತಾರೆ. ಯಾಕೆಂದು ಕೇಳಿದಾಗ ಹೇಳಿದರು: “ಸೋಮವಾರ ಒಬ್ಬಾಕಿ ಬೆನ್ನಿಗೆ ಹೊಲಿದ ಡಿಸೈನು ಗುರುವಾರಕ್ಕ ಊರ ಮಂದಿ ಬೆನ್ನ ಮ್ಯಾಲೆ ಇರ್ತೈತ್ರಿ. ಆಮ್ಯಾಲೆ ಮೊದ್ಲಿನಾಕಿ ಬಂದು ನನ್ನ ಝಾಡಿಸಿ ಬೈತಾಳ.” ನಾನು ಓದುವ ಕಂಪನಿಗಳವರು ಇವರ ಅಂಗಡಿಗೆ ಒಂದು ಸಲ ಬಂದು ಹೋದರೆ ಒಳ್ಳೆಯದಿತ್ತು.

ಇವರ ಮಗಳು ರೆಹಾನಾ. ಅಪ್ಪನ ಅಂಗಡಿಯಲ್ಲಿ ಕೂತು ನೋಟ್‌ಬುಕ್ಕಿನ ತುಂಬ ಸೀರೆಯ ಅಂಚು, ಸೆರಗು ಬರೆಯುವ ಹುಡುಗಿ. ಬಟ್ಟೆಯ ವಿನ್ಯಾಸ ಕಲಿಸುವ ದೂರದ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದಳು. ಬರೆಯುವ ಪರೀಕ್ಷೆ ಪಾಸಾಗಿತ್ತು. ಇನ್ನುಳಿದದ್ದು ಸಂದರ್ಶನ, ಅದೂ ಕಂಪ್ಯೂಟರಿನಲ್ಲಿ, ಮುಖ ಕಾಣುವಂತೆ. ಮೊಬೈಲು ನಡೆಯದು ಎಂದು ಪತ್ರದಲ್ಲಿ ದಪ್ಪಕ್ಷರದಲ್ಲಿತ್ತು. ಅಪ್ಪ ಮಗಳು ನಮ್ಮ ಮನೆಗೆ ಬಂದು ಕೂತರು. ನಾನು ಇವರು ಬಾಯಿ ಬಿಡುವ ಮೊದಲೇ ಅಭಯ ಕೊಟ್ಟೆ.

“ಚಿಂತಿ ಬಿಡ್ರಿ ಹುಸೇನಸಾಬ್ರ. ನಾ ಹೊಸಾ ಲ್ಯಾಪ್‌ಟಾಪ್ ತೊಗೊಳ್ಳಾಕತ್ತೀನಿ. ಇಲ್ಲೇ ಕುಂತು ಮಾತಾಡ್ಲಿ.”

ಆಗ ಸಂದರ್ಶನಕ್ಕೆ ಎರಡು ತಿಂಗಳಿತ್ತು. ಮರುದಿನವೇ ಗದಗಿನಲ್ಲಿ ಒಂದನ್ನು ಕೊಂಡು ಬಸ್ಸು ಹತ್ತಬಹುದಿತ್ತು. ಹೊರಟೂ ಇದ್ದೆ. ಆದರೆ ಬಸ್ಸಿನಲ್ಲಿ ಒಂದು ಚಿತ್ರ ಸೋರಿ ಬಂತು: ಬರುವ ತಿಂಗಳು ತೆಳ್ಳನೆಯದೊಂದು ಬರಲಿದೆ ಎನ್ನಲಾಗಿತ್ತು. ಇನ್ನೊಂದು ತಿಂಗಳು ತಡೆದರಾಯಿತು ಎಂದುಕೊಂಡೆ. ಆ ತಿಂಗಳು ಕಳೆಯುವಷ್ಟರಲ್ಲಿ ತೆಳ್ಳನೆಯದು ಬಿಸಿಯಾಗುತ್ತದೆ ಎಂಬ ಸುದ್ದಿ ಸೋರಿತು. ಬಿಸಿಯಾಗದ್ದು ಅದರ ಹಿಂದೆಯೇ ಬರುತ್ತಿದೆ ಎಂಬುದೂ ಸೋರಿತು. ಹೀಗೆ ಒಂದರ ಹಿಂದೆ ಒಂದು ಇನ್ನೇನು ಬರುತ್ತಲೇ ಇದ್ದವು. ಹುಸೇನಸಾಬರು ದಾರಿಯಲ್ಲಿ ಸಿಕ್ಕಾಗಲೆಲ್ಲ “ಲ್ಯಾಪ್‌ಟಾಪ್ ಬಂತೇನ್ರಿ ಸರ?” ಎಂದು ಕೇಳುತ್ತಿದ್ದರು. ನಾನು ಅಷ್ಟೇ ಸಲೀಸಾಗಿ “ಬಂತ್ರಿ” ಎನ್ನುತ್ತಿದ್ದೆ.

ಗುಂಡಿಯ ಮಾತು ಹೇಳಿಯೇ ಮೂವತ್ತು ವರ್ಷ ಅಂಗಡಿ ನಡೆಸಿದ ಮನುಷ್ಯ. ನನ್ನ ‘ಬಂತ್ರಿ’ಯ ಬೆಲೆ ಅವರಿಗೆ ತಿಳಿಯದೆ ಹೋದೀತು ಎಂದು ನಾನು ಎಣಿಸಿರಲಿಲ್ಲ. ಆದರೆ ಟೇಲರನ ಮಾತು ಬೇರೆ, ಕಾಲೇಜಿನಲ್ಲಿ ವ್ಯಾಕರಣ ಕಲಿಸುವವನ ಮಾತು ಬೇರೆ ಎಂದು ಅವರು ತಿಳಿದಿದ್ದರು. ಮಗಳಿಗೆ ಹೇಳಿದರು: ಬಂದೈತಿ. ಗದಗಿನ ಗೆಳತಿಯೊಬ್ಬಳು ತಮ್ಮಲ್ಲಿ ಕಂಪ್ಯೂಟರಿದೆ, ಬಾ ಎಂದು ಕರೆದಿದ್ದಳಂತೆ. ಬೇಡ, ಬಾಜೂ ಮನೆಯಲ್ಲೇ ಅನುಕೂಲವಾಗಿದೆ ಎಂದು ರೆಹಾನಾ ಹೇಳಿಬಿಟ್ಟಳು.

ಸಂದರ್ಶನದ ದಿನ, ಒಂದು ಭಾನುವಾರ, ಹತ್ತು ಗಂಟೆಗೆ ಅಪ್ಪ ಮಗಳು ಬಂದರು. ಸಂದರ್ಶನ ಹನ್ನೊಂದಕ್ಕೆ. ರೆಹಾನಾ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಚಿತ್ರಗಳ ನೋಟ್‌ಬುಕ್ಕನ್ನು ಎದೆಗೆ ಒತ್ತಿ ಹಿಡಿದಿದ್ದಳು. ನಾನು ಲುಂಗಿಯಲ್ಲಿ ಪಡಸಾಲೆಯಲ್ಲಿ ಕೂತು, ಏನು ಓದುತ್ತಿದ್ದೆ ಎಂದು ನೀವು ಕೇಳಬೇಡಿ.

“ಎಲ್ಲಿ ಐತ್ರಿ ಕಾಕಾ?” ಎಂದಳು.

“ಏನವ್ವ?”

“ಲ್ಯಾಪ್‌ಟಾಪ್ ಬಂದೈತೆಲ್ರಿ.”

ಆ ಹುಡುಗಿಯ ಮುಖ ನಾನು ಮರೆಯುವುದಿಲ್ಲ. ಗೋಡೆಯ ಗಡಿಯಾರ ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. ಹುಸೇನಸಾಬರು “ನೀವ ಬಂತು ಅಂದ್ರೆಲ್ಲ ಸರ” ಎಂದಷ್ಟೇ ಅಂದರು. ನನಗೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು. ನಾಚಿಕೆ ಎಂಬುದನ್ನು ಎಷ್ಟೋ ವರ್ಷ ಪಾಠದಲ್ಲಿ ವಿವರಿಸಿದ್ದೇನೆ. ಆವತ್ತು ಕಿವಿಯ ತನಕ ಏರಿದ್ದು ಗೊತ್ತಾಯಿತು. ಅಂಗಡಿಗಳು ಮುಚ್ಚಿದ್ದವು, ಗದಗು ಒಂದು ತಾಸಿಗಿಂತ ದೂರವಿತ್ತು.

ನನ್ನ ಹೆಂಡತಿ ಸುಮಿತ್ರಾ ಅಡುಗೆಮನೆಯಿಂದ ಇದನ್ನೆಲ್ಲ ಕೇಳಿ, ಕೈ ಒರೆಸಿಕೊಳ್ಳುತ್ತ ಒಳಕೋಣೆಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸಪ್ಪಳವಾಯಿತು. ಕೌದಿಯಲ್ಲಿ ಸುತ್ತಿಟ್ಟಿದ್ದ ನನ್ನ ಹಳೆಯ ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲಿಟ್ಟಳು. ದಪ್ಪಗೆ, ಕರ್ರಗೆ, ರೊಟ್ಟಿ ತಟ್ಟುವ ಮಣೆಯಷ್ಟು ಭಾರ. ಅದು ಮುಗಿದುಹೋಯಿತು ಎಂದು ನಾನೇ ಸಾರಿದ್ದೆ.

“ಮುಗದಿಲ್ಲ” ಎಂದಳು. “ಬಿಜಾಗರಿ ಅಷ್ಟ ಮುರದೈತಿ. ವಾಯರ್ ಹಚ್ರಿ.”

ವಾಯರು ಹಚ್ಚಿದೆ. ಸ್ವಲ್ಪ ಗೊರಗೊರ ಸದ್ದು ಮಾಡಿ, ನಮ್ಮೆಲ್ಲರ ಮುಖವನ್ನೊಮ್ಮೆ ಪರೀಕ್ಷಿಸಿದಂತೆ ತಡೆದು, ಅದು ಬೆಳಗಿತು. ಕ್ಯಾಮೆರಾ ಬಂತು, ದನಿ ಬಂತು. ಮೊಬೈಲಿನಿಂದ ನೆಟ್‌ ಕೊಟ್ಟೆ. ಒಂದೇ ತೊಂದರೆ: ಮುಚ್ಚಳ ನಿಲ್ಲುತ್ತಿರಲಿಲ್ಲ. ಹಿಂದೆ ಪುಸ್ತಕ ಇಟ್ಟರೆ ಮುಂದೆ ಬಿತ್ತು, ದಿಂಬು ಇಟ್ಟರೆ ಹಿಂದೆ ಬಿತ್ತು. ಹನ್ನೊಂದಕ್ಕೆ ಎರಡು ನಿಮಿಷವಿತ್ತು. ನಾನು ಮೇಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿಕೊಂಡು, ಎರಡೂ ಕೈಯಿಂದ ಮುಚ್ಚಳ ಹಿಡಿದು ನಿಂತೆ. ಜಗತ್ತಿನಲ್ಲಿ ಬರಲಿರುವ ಬಿಜಾಗರಿಗಳ ಬಗ್ಗೆ ಲಕ್ಷ್ಮೇಶ್ವರ ತಾಲೂಕಿನಲ್ಲೇ ಅತಿ ಹೆಚ್ಚು ತಿಳಿದಿದ್ದ ಮನುಷ್ಯ ತಾನೇ ಒಂದು ಬಿಜಾಗರಿಯಾದ.

ಆಚೆ ಮೂವರು ಕೂತಿದ್ದರಂತೆ. ನನಗೆ ದನಿ ಮಾತ್ರ ಕೇಳುತ್ತಿತ್ತು. ಮೊದಮೊದಲು ರೆಹಾನಾ ಊರು ಯಾವುದು, ಏನು ಓದಿದೆ ಎಂಬುದಕ್ಕೂ ತಡವರಿಸಿದಳು. ಹಾಗೇ ಸ್ವಲ್ಪ ಹೊತ್ತಿಗೆ ದನಿ ತಿಳಿಯಾಯಿತು. ನೋಟ್‌ಬುಕ್ ಬಿಡಿಸಿ ಕ್ಯಾಮೆರಾಕ್ಕೆ ಹಿಡಿದಳು. ಒಬ್ಬ ಮೇಡಂ ಕೇಳಿದರು: “ಈ ಅಂಚು ಎಲ್ಲಿ ನೋಡಿದ್ರಿ?”

“ಎಲ್ಲೂ ನೋಡಿಲ್ರಿ ಮೇಡಂ. ನಮ್ಮ ಅಬ್ಬಾ ಕತ್ತರಿಸಿ ಒಗದ ಚೂರು ನೆಲದ ಮ್ಯಾಲೆ ಹೆಂಗ ಬಿದ್ದಿದ್ವೋ ಹಂಗ ಬರಕೊಂಡೆ.”

“ಇನ್ನೊಂದು ಪುಟ ತೋರ್ಸಿ” ಎಂದರು ಮೇಡಂ. ಅದು ಒಳ್ಳೆಯ ಲಕ್ಷಣ ಎಂದು ನನಗನ್ನಿಸಿತು. ಬಾಗಿಲ ಬಳಿ ನಿಂತಿದ್ದ ಹುಸೇನಸಾಬರು ಹೆಗಲ ಮೇಲಿನ ಟೇಪನ್ನು ಬೆರಳಿಗೆ ಸುತ್ತುತ್ತಿದ್ದರು.

ಅಷ್ಟರಲ್ಲಿ ನನ್ನ ತೋಳು ಸೋತು ನಡುಗತೊಡಗಿತು. ಹೆಬ್ಬೆರಳು ಜಾರಿ ಕ್ಯಾಮೆರಾದ ಅಂಚಿಗೆ ಬಂತು.

“ರೆಹಾನಾ, ಅಲ್ಲಿ ಯಾರದೋ ಬೆರಳು ಕಾಣ್ತಿದೆ” ಎಂದಿತು ಒಂದು ಗಂಡು ದನಿ. ಅದರಲ್ಲಿ ನಗುವಿರಲಿಲ್ಲ. “ನಿಮ್ಮ ಎದುರಿಗೆ ಯಾರಿದ್ದಾರೆ? ಉತ್ತರ ಹೇಳಿಕೊಡ್ತಿದ್ದಾರಾ?”

ಹೇಳಿಕೊಡುವುದಿರಲಿ, ಅರ್ಧ ಪ್ರಶ್ನೆಗಳು ನನಗೆ ಅರ್ಥವೇ ಆಗಿರಲಿಲ್ಲ. ಎರಡು ತಿಂಗಳು ಸುಳ್ಳು ಭರವಸೆ ಕೊಟ್ಟದ್ದಲ್ಲದೆ, ಈಗ ಈ ಬೆರಳಿನಿಂದ ಹುಡುಗಿಯ ಸೀಟೂ ಹೋಯಿತು ಎಂದುಕೊಂಡೆ.

ರೆಹಾನಾ ಗಾಬರಿಯಾಗಲಿಲ್ಲ. ಮುಚ್ಚಳವನ್ನು ತಾನು ಹಿಡಿದುಕೊಂಡು, ಇಡೀ ಯಂತ್ರವನ್ನು ನನ್ನ ಕಡೆ ತಿರುಗಿಸಿದಳು. “ಇವರು ಬಾಜೂ ಮನಿ ಕಾಕಾರು ಸರ್. ಲ್ಯಾಪ್‌ಟಾಪಿನ ಬಿಜಾಗರಿ ಮುರದೈತ್ರಿ. ಅದಕ್ಕ ಹಿಡಕೊಂಡ ನಿಂತಾರ.”

ಮೂವರೂ ನನ್ನನ್ನು ಕಂಡರು. ಮೇಲೆ ಅವಸರದಲ್ಲಿ ತೊಟ್ಟ ಅಂಗಿ, ಕೆಳಗೆ ಲುಂಗಿ, ಏನನ್ನೂ ಹಿಡಿದಿರದಿದ್ದರೂ ಗಾಳಿಯಲ್ಲೇ ನಿಂತಿದ್ದ ಎರಡು ಕೈ. ಮೊದಲು ನಕ್ಕವರು ಮೇಡಂ. “ಸರ್, ಒಂದು ಹೊಸದು ತೊಗೋಬಾರದಾ?” ಎಂದರು.

“ಇನ್ನೂ ಬಂದಿಲ್ಲರಿ ಮೇಡಂ” ಎಂದೆ.

ಬಾಗಿಲಿನಿಂದ ಸುಮಿತ್ರಾ “ಈಗ ಖರೆ ಹೇಳಿದ್ರು ನೋಡು” ಎಂದದ್ದು ಆಚೆಯವರಿಗೂ ಕೇಳಿಸಿರಬೇಕು.

ಸೋಮವಾರ ಗದಗಿನ ಅಂಗಡಿಗೆ ಹೋಗಿ, ಗಾಜಿನ ಹಿಂದೆ ಇದ್ದವುಗಳಲ್ಲಿ ಒಂದನ್ನು ಕೊಂಡು ಬಂದೆ. ಸರಿಯಾಗಿಯೇ ಇದೆ. ಇದರ ಮುಂದಿನದು ಇನ್ನೂ ತೆಳ್ಳಗಿರುತ್ತದೆ ಎನ್ನಲಾಗಿದೆ. ಓದುವುದನ್ನು ಬಿಟ್ಟಿದ್ದೇನೆ ಎಂದು ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ರೆಹಾನಾಳಿಗೆ ಸೀಟು ಸಿಕ್ಕಿತು. ಹೊರಡುವ ಹಿಂದಿನ ದಿನ ಪೇಢೆಯ ಡಬ್ಬಿ ಹಿಡಿದು ಮನೆಗೆ ಬಂದಳು. ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಆಗ ಕೇಳಿಯೇಬಿಟ್ಟೆ.

“ನನ್ನ ಮ್ಯಾಲೆ ಸಿಟ್ಟಿಲ್ಲ ಹೌದಿಲ್ಲವ್ವ?”

“ಸಿಟ್ಟ ಬಂದಿತ್ರಿ ಕಾಕಾ, ಖರೆ ಹೇಳ್ತೀನಿ” ಎಂದಳು. “ಆದ್ರ ಆ ಮೂರು ಮಂದಿನ್ನ ನೋಡಿ ನನ್ನ ಬಾಯಿ ಒಣಗಿತ್ತು. ಮುಚ್ಚಳದ ಮ್ಯಾಲಿಂದ ನಿಮ್ಮ ಮಾರಿ ಕಾಣತಿತ್ತು. ನೀವು ನನಗಿಂತ ಹೆಚ್ಚ ಅಂಜಿದ್ರಿ. ಅದನ್ನ ನೋಡಿ ನಗಿ ಬಂತು, ನನ್ನ ಅಂಜಿಕಿ ಹೋತು.”

ಬಿಜಾಗರಿಗೆ ಇಂಥ ಒಂದು ಸೌಲಭ್ಯ ಬರಲಿದೆ ಎಂದು ಇಷ್ಟು ವರ್ಷದಲ್ಲಿ ಯಾವ ಸೋರಿದ ನಕ್ಷೆಯಲ್ಲೂ ನಾನು ಓದಿದ ನೆನಪಿಲ್ಲ.