ಬಾಗಿಲಿಲ್ಲದ ಬೀರು

ಶಾಲೆಯೊಂದರ ಗ್ರಂಥಪಾಲಕಿಯಾಗಿ ನಿವೃತ್ತರಾದ ಮೇಡಂ ಒಬ್ಬರು ಶಿಡ್ಲಘಟ್ಟದ ನನ್ನ ಬೀರು ಅಂಗಡಿಗೆ ಬರುತ್ತಿದ್ದರು. ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಹೇಗೆಂದು ಸುತ್ತಲಿನ ಊರುಗಳ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಕಲಿಸುವುದು ನಿವೃತ್ತಿಯ ಮೇಲೆ ಅವರು ಹಿಡಿದ ಕೆಲಸ. ಬಂದವರು ಮೊದಲು ತಗಡಿನ ಅಂಚಿನ ಮೇಲೆ ಅಂಗೈ ಸವರಿ, "ಮಗು ಕೈ ತರಚುತ್ತೇನಪ್ಪ?" ಎನ್ನುತ್ತಿದ್ದರು.

ಒಮ್ಮೆ ಮೇಲೂರಿನ ಹೊಸ ಟೀಚರನ್ನು ಕರೆತಂದರು. ಶಾಲೆಯ ಪುಸ್ತಕಗಳಿಗೆಂದು ನಾನು ಗಟ್ಟಿ ಬೀಗದ ಬೀರು ತೋರಿಸಿದೆ.

"ಬಾಗಿಲು ಬಿಚ್ಚಿ ಕೊಡಪ್ಪ. ಬೆಲೇನೂ ಇಳಿಸು" ಎಂದರು ಮೇಡಂ.

ಟೀಚರ್ ಗಾಬರಿಯಾದರು. "ಮೇಡಂ, ಪುಸ್ತಕ ಕಳೆದ್ರೆ ನನ್ನ ತಲೆಗೇ ಬರುತ್ತೆ. ಹೊಸ ಕೆಲಸ."

"ಬೀಗ ಹಾಕಿದ್ರೆ ಹುಳ ಓದ್ಕೊಳ್ಳುತ್ತೆ ಕಣಮ್ಮ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು. ನಾನೇ ಬಂದು ಬೈಸ್ಕೊಂತೀನಿ."

ಟೀಚರ್ ನನ್ನ ಕಡೆ ತಿರುಗಿ, "ಬಿಚ್ಚಿಬಿಡಿ ಅಣ್ಣ" ಎಂದರು.

ಈಗ ಮೇಡಂ ಗೌರಿಬಿದನೂರು ಕಡೆಯ ಟೀಚರುಗಳಿಗೆ ಕಲಿಸುತ್ತಿದ್ದಾರಂತೆ. ಇತ್ತ ಬಂದು ಬಹಳ ಕಾಲವಾಯಿತು. ಅಲ್ಲಿನ ಬೀರು ವ್ಯಾಪಾರಿಗಳಿಗೆ ನನ್ನದೊಂದು ಬುದ್ಧಿಮಾತು: ಅವರು ಕೇಳಿದ ಬೆಲೆಗೆ ಬೇಗ ಒಪ್ಪಬೇಡಿ. ಚೌಕಾಸಿ ನಡೆಯುವಷ್ಟು ಹೊತ್ತು ಮಾತ್ರ ಅವರು ಅಂಗಡಿಯಲ್ಲಿ ಕೂತು ಮಾತಾಡುತ್ತಾರೆ; ಮುಗಿದ ತಕ್ಷಣ ಎದ್ದು ಹೊರಟುಬಿಡುತ್ತಾರೆ.