ರಾಗಿಕಲ್ಲು ಕೊಟ್ಟ ರಟ್ಟೆ

ನಮ್ಮ ಭಾವ ಆವಲಪ್ಪನವರ ರಟ್ಟೆ ನೋಡಿದವರು ಗರಡಿಯಲ್ಲಿ ಪಳಗಿದ ಆಳು ಅಂದುಕೊಳ್ಳುತ್ತಿದ್ದರು. ಗರಡಿಯೂ ಇಲ್ಲ, ಗಿರಡಿಯೂ ಇಲ್ಲ. ಅದು ರಾಗಿಕಲ್ಲು ಬೀಸಿ ಬಂದ ರಟ್ಟೆ. ಈಗ ಮಿಲ್ಲಿನ ಮುಂದೆ ಚೀಲ ಇಟ್ಟು ಹರಟೆ ಹೊಡೆಯುವ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ನಗಲಿ, ನನಗೇನು.

ನಾನು ಕುಂದಾಣದ ಆ ಮನೆಗೆ ಕಿರಿಸೊಸೆಯಾಗಿ ಬಂದದ್ದು ಅರವತ್ತೇಳರಲ್ಲಿ. ಹಿಂದಿನ ವರ್ಷದ ಸುಗ್ಗಿಯಲ್ಲಿ ಭಾವ ಕಣದ ರಾಗಿ ಮೆದೆಯ ಮೇಲಿಂದ ಜಾರಿ, ಕೆಳಗಿದ್ದ ಗಾಡಿಯ ಮೂಕಿಗೆ ಬೆನ್ನು ಬಡಿದು ಬಿದ್ದಿದ್ದರು. ಸೊಂಟದ ಕೆಳಗೆ ಸ್ವಾಧೀನವೇ ಹೋಯಿತು. ಬೆಂಗಳೂರಿನ ಆಸ್ಪತ್ರೆಯವರು ತಿಂಗಳುಗಟ್ಟಲೆ ಇಟ್ಟುಕೊಂಡು, ಕಾಲು ಇನ್ನು ಬರುವುದಿಲ್ಲ, ಕೈ ಗಟ್ಟಿ ಮಾಡಿಕೊಳ್ಳಿ, ನೆಲಕ್ಕೆ ಮೈ ಉಜ್ಜಿ ತೆವಳಬೇಡಿ, ಹುಣ್ಣಾದರೂ ನಿಮಗೆ ತಿಳಿಯುವುದಿಲ್ಲ ಎಂದು ಹೇಳಿ ಕಳಿಸಿದ್ದರು.

ಅವರ ಹೆಂಡತಿ, ನನ್ನ ಓರಗಿತ್ತಿ ಮುನಿವೆಂಕಟಮ್ಮ. ನಾನು ಅಕ್ಕ ಅನ್ನುತ್ತಿದ್ದೆ. ಭಾವನನ್ನು ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಹಿತ್ತಲಿಗೆ ಹೊತ್ತೊಯ್ಯುವುದು ಎಲ್ಲಾ ಅವಳೇ. ಹಾಗೆ ಎತ್ತಿಸಿಕೊಂಡ ಮೇಲೆ ಭಾವ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಮಾನವಂತ ಗಂಡಸು, ಪಾಪ.

ಒಂದು ದಿನ ಅಕ್ಕನಿಗೆ ಜ್ವರ. ಇಬ್ಬರು ಎದುರುಬದುರು ಕೂತು ಬೀಸುವ ಕಲ್ಲನ್ನು ನಾನೊಬ್ಬಳೇ ತಿರುಗಿಸುತ್ತಿದ್ದೆ. ಅದು ಎರಡು ಸುತ್ತಿಗೊಮ್ಮೆ ನಿಲ್ಲುತ್ತಿತ್ತು. ಆ ಸದ್ದು ಕೇಳಿ ಕೇಳಿ ರೇಗಿತೋ ಏನೋ, ಭಾವ ಕಲ್ಲನ್ನು ತಾವು ಒರಗಿ ಕೂರುತ್ತಿದ್ದ ಕಂಬದ ಹತ್ತಿರ ತರಿಸಿಕೊಂಡರು. ಸೊಂಟ ನಿಲ್ಲದೆ ಪಕ್ಕಕ್ಕೆ ವಾಲುತ್ತಿದ್ದರಿಂದ ನನ್ನ ಗಂಡ ಅವರನ್ನು ಪಂಚೆಯಿಂದ ಕಂಬಕ್ಕೆ ಕಟ್ಟಿದರು. ಭಾವನ ಎದುರು ನಾನು ಕೂರುವ ಹಾಗಿಲ್ಲವಲ್ಲ, ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತೆ. ಅವತ್ತು ಅವರು ಬೀಸಿದ್ದು ಒಂದು ಮುದ್ದೆಗೂ ಸಾಲದಷ್ಟು ಹಿಟ್ಟು.

ಆಮೇಲೆ ಬಿಡಲಿಲ್ಲ. ಗಂಡಸು ರಾಗಿ ಬೀಸುತ್ತಾನೆ ಅನ್ನುವುದು ಊರಿಗೇ ತಮಾಷೆಯಾಯಿತು. ಪಕ್ಕದ ಮನೆಯ ಪಾಪಯ್ಯ ಬಳೆ ತಂದುಕೊಡಲಾ ಎಂದು ಕೇಳಿದ. ಹಸಿರು ಬಳೆಯೇ ತಾ, ನಿನ್ನ ಮನೆ ರಾಗಿಯನ್ನೂ ತಾ ಅಂದರು ಭಾವ. ತೊಲೆಗೆ ಹಗ್ಗ ಕಟ್ಟಿಸಿ, ಹಿಡಿದೇಳುವುದು ಕಲಿತರು. ಅಂಗೈಗೆ ಮರದ ತುಂಡು, ಸೊಂಟದ ಕೆಳಗೆ ಕಟ್ಟಿಕೊಳ್ಳಲು ಬಟ್ಟೆ ಸುತ್ತಿದ ಹಳೆ ಲಾರಿ ಟೈರಿನ ತುಂಡು. ಕೈ ಊರಿ ಮೈ ಎತ್ತಿ ಮುಂದಕ್ಕಿಡುವುದು, ಮತ್ತೆ ಎತ್ತುವುದು. ಒಬ್ಬರೇ ಹಿತ್ತಲಿಗೆ ಹೋಗಿ ಬಂದ ದಿನ ಅಕ್ಕ ಕೈಗೆ ಕೆಲಸವಿಲ್ಲದವಳ ಹಾಗೆ ಜಗಲಿ ಮೇಲೆ ಕೂತು ಅತ್ತಳು.

ಒಂದು ಮಾತ್ರ ಉಳಿದಿತ್ತು, ಕಣ. ಸುಗ್ಗಿಯಲ್ಲಿ ರಾಗಿ ರಾಶಿಗೆ ಪೂಜೆ ಮಾಡಿ ಮೊದಲ ಕೊಳಗ ಅಳೆಯುವುದು ಮನೆಯ ಹಿರಿಯ ಮಗ. ಭಾವ ಬಿದ್ದಾಗಿನಿಂದ ನನ್ನ ಗಂಡ ಅಳೆಯುತ್ತಿದ್ದರು. ಎಪ್ಪತ್ತರ ಸುಗ್ಗಿಯಲ್ಲಿ ಭಾವ ತಾವೇ ಅಳೆಯುತ್ತೇನೆ ಅಂದರು. ಚಿಕ್ಕಮಾವ ಮುನಿಶಾಮಪ್ಪನವರು ಸಂತೋಷದಿಂದ ನಾಲ್ಕು ಜನರನ್ನು ಕರೆದು ಮಂಚ ಎತ್ತಲು ಹೇಳಿದರು.

ಭಾವ ಮಂಚದ ಅಂಚು ಹಿಡಿದು ತಡೆದರು. "ನನ್ನನ್ನ ನಾಲ್ಕು ಜನ ಹೊರೋದು ಒಂದೇ ಸಲ ಚಿಕ್ಕಪ್ಪ. ಆ ದಿನ ಬಂದಾಗ ಹೊತ್ಕೊಂಡೋಗಿ."

ಮನೆಯಿಂದ ಕಣದವರೆಗೆ ಕೈಯೂರಿಯೇ ಹೋದರು. ಕಣಕ್ಕೆ ಮೆಟ್ಟು ಹಾಕಿಕೊಂಡು ಯಾರೂ ಕಾಲಿಡುವಂತಿಲ್ಲ. ಎಲ್ಲರೂ ಅಂಚಿನಲ್ಲಿ ಚಪ್ಪಲಿ ಬಿಟ್ಟರು. ಭಾವ ಟೈರು ಬಿಚ್ಚಿ ಆ ಸಾಲಿನಲ್ಲೇ ಇಟ್ಟರು. ಅಕ್ಕನ ಮುಖ ಬಿಳಚಿಕೊಂಡಿತು. ಸಗಣಿ ಸಾರಿಸಿದ ನೆಲವಾದರೂ ಮೈ ಉಜ್ಜಿದರೆ ಹುಣ್ಣು ತಾನೇ? ಆದರೆ ರಾಶಿ ಅಳೆಯುವವರೆಗೆ ಕಣದಲ್ಲಿ ಮಾತಾಡಿದರೆ ಹುಲುಸು ಹೋಗುತ್ತದೆ ಅನ್ನುತ್ತಾರೆ. ಹುಷಾರು ಅನ್ನುವ ಹಾಗಿಲ್ಲ, ಬೇಡ ಅನ್ನುವ ಹಾಗಿಲ್ಲ. ಭಾವ ಮೈಯನ್ನು ಪೂರಾ ಎತ್ತಿ ಎತ್ತಿ ಇಟ್ಟುಕೊಂಡು ಹೋದರು. ಅವತ್ತು ಜಾರಿ ಬಿದ್ದ ಮೆದೆ ಇದ್ದ ಜಾಗದಲ್ಲಿ ತೋಳು ನಡುಗಿ ಪಕ್ಕಕ್ಕೆ ಉರುಳಿದರು. ಅಕ್ಕ ಎದ್ದುಬಿಟ್ಟಳು. ಅವರು ಅವಳತ್ತ ನೋಡಿದ ನೋಟಕ್ಕೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಳು. ಭಾವ ತಾವೇ ಮೊಣಕೈ ಊರಿ ಎದ್ದು ಕೂತರು.

ರಾಶಿಯ ಮೇಲೆ ಬೆನಕನಿಗೆ ಗರಿಕೆ ಇಟ್ಟು, ಕೊಳಗ ತುಂಬಿ "ಲಾಭ" ಅಂದರು. ನಮ್ಮಲ್ಲಿ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ.

ಅಳತೆ ಮುಗಿದು ಮಾತು ಬಂದಿತು. ಮೊದಲ ಕುಕ್ಕೆ ಮನೆಗೆ ಹೊರುವವಳು ಹಿರಿಸೊಸೆ, ತಲೆಗೆ ಎತ್ತಿಕೊಡುತ್ತಿದ್ದವಳು ನಾನು. ಅಭ್ಯಾಸಬಲದಿಂದ ಮುಂದೆ ಹೋದೆ. ಭಾವ ಕೈ ಅಡ್ಡ ಮಾಡಿ ಅಕ್ಕನತ್ತ ತಿರುಗಿದರು.

"ಮುಂದೆ ಬಂದು ಕೂತ್ಕೊಳ್ಳೇ. ಇಷ್ಟು ವರ್ಷ ನನ್ನನ್ನ ನೀನು ಎತ್ತಿದೆ. ಇವತ್ತು ನಾನು ಎತ್ತಿಕೊಡ್ತೀನಿ."

ಅಕ್ಕ ಅವರ ಮುಂದೆ ಕೂತು ತಲೆ ಬಗ್ಗಿಸಿದಳು. ಭಾವ ರಾಗಿ ತುಂಬಿದ ಕುಕ್ಕೆ ಎತ್ತಿ, ಕೈ ನಡುಗದಂತೆ ಅವಳ ಸಿಂಬಿಯ ಮೇಲಿಟ್ಟರು.